ಲಿಥಿಯಮ್ ಮಾತ್ರೆ: ಮದ್ದಿಗೂ ವಿಷಕ್ಕೂ ನಡುವಿನ ಅಂತರ

ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಸ್ಪೆಕ್ಟ್ರೋಮೀಟರ್ ಪ್ರಯೋಗ ಮಾಡಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ದೂರದರ್ಶಕದ ಅಡ್ಡತಂತಿಯನ್ನು ಸೋಡಿಯಮ್ಮಿನ ಹಳದಿ ಗೆರೆಯ ಮೇಲೆ ಸರಿಯಾಗಿ ಕೂರಿಸಬೇಕಾದರೆ ಕೈ ಸ್ಥಿರವಾಗಿರಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನಿಗೆ ಅದು ಸಾಧ್ಯವಾಗುತ್ತಲೇ ಇರಲಿಲ್ಲ. ಸೂಕ್ಷ್ಮ ಹೊಂದಾಣಿಕೆಯ ತಿರುಪನ್ನು ಹಿಡಿದ ಕೂಡಲೇ ಬೆರಳು ನಡುಗುತ್ತಿತ್ತು, ಗೆರೆ ತಂತಿಯನ್ನು ದಾಟಿ ಆಚೆ ಹೋಗುತ್ತಿತ್ತು. ಲೆಕ್ಕದಲ್ಲಿ ಅವನು ತರಗತಿಗೇ ಮುಂದು. "ಏನಪ್ಪಾ, ರಾತ್ರಿ ನಿದ್ದೆ ಮಾಡಲ್ವಾ? ಕೈ ಯಾಕೆ ಹೀಗೆ ನಡುಗುತ್ತೆ?" ಎಂದು ಎಲ್ಲರ ಎದುರೇ ಕೇಳಿಬಿಟ್ಟೆ. ಅವನು ಏನೂ ಹೇಳಲಿಲ್ಲ. ಸಂಜೆ ನನ್ನ ಕೊಠಡಿಗೆ ಬಂದು ರಕ್ತಪರೀಕ್ಷೆಯ ಒಂದು ವರದಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿದ್ದುದು ಒಂದೇ ಸಾಲು: ಸೀರಮ್ ಲಿಥಿಯಮ್, ಲೀಟರಿಗೆ 0.8 ಮಿಲಿಮೋಲ್.

ಲಿಥಿಯಮ್ ಎಂದರೆ ಆವರ್ತಕ ಕೋಷ್ಟಕದ ಮೂರನೆಯ ಧಾತು, ಲೋಹಗಳಲ್ಲೆಲ್ಲ ಹಗುರ, ಜ್ವಾಲಾ ಪರೀಕ್ಷೆಯಲ್ಲಿ ಕಡುಗೆಂಪು, ಮೊಬೈಲ್ ಬ್ಯಾಟರಿಯ ಜೀವಾಳ. ನನಗೆ ಗೊತ್ತಿದ್ದುದು ಇಷ್ಟೇ. ಅದು ಮನುಷ್ಯನ ರಕ್ತದಲ್ಲಿ ಏಕಿರಬೇಕು? ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಅವನಿಗೆ ಪಿಯುಸಿ ಮುಗಿಯುವ ಹೊತ್ತಿಗೇ ಕಾಣಿಸಿಕೊಂಡಿತ್ತು. ವೈದ್ಯರು ಲಿಥಿಯಮ್ ಕಾರ್ಬೊನೇಟ್ ಮಾತ್ರೆ ಕೊಟ್ಟಿದ್ದರು. ಕೈ ನಡುಕ ಅದರದ್ದೇ ಅಡ್ಡ ಪರಿಣಾಮ. "ಹಾಗಾದರೆ ಈ ಮಾತ್ರೆ ಬಿಟ್ಟುಬಿಡಬಾರದೇ?" ಎಂದೆ, ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂದುಕೊಂಡು. "ಬಿಟ್ಟು ನೋಡಿದ್ದೇನೆ ಸರ್" ಎಂದ. ಹೇಗಾಯಿತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂದಿನಿಂದ ಈ ಮಾತ್ರೆಯ ಬಗ್ಗೆ ಓದತೊಡಗಿದೆ, ವೈದ್ಯಮಿತ್ರರನ್ನು ಕೇಳತೊಡಗಿದೆ. ನಾನು ವೈದ್ಯನಲ್ಲ. ಯಾರಿಗೆ ಎಷ್ಟು ಮಾತ್ರೆ ಎಂಬುದನ್ನು ನಿರ್ಧರಿಸುವವರು ಮನೋವೈದ್ಯರು. ಆದರೆ ಲಿಥಿಯಮ್ಮಿನ ಅಡ್ಡ ಪರಿಣಾಮಗಳಲ್ಲಿ ಬಹಳಷ್ಟನ್ನು ಪಿಯುಸಿ ಮಟ್ಟದ ಭೌತ ಮತ್ತು ರಸಾಯನ ವಿಜ್ಞಾನದಿಂದಲೇ ಅರ್ಥ ಮಾಡಿಕೊಳ್ಳಬಹುದು ಎಂಬುದು ನನಗೆ ಬೆರಗು ತಂದ ವಿಷಯ. ಅದನ್ನಿಲ್ಲಿ ಹಂಚಿಕೊಳ್ಳುತ್ತೇನೆ.

ಕಲ್ಲಿನಿಂದ ಬಂದ ಧಾತು

ಸ್ವೀಡನ್ನಿನ ಯೂಟೊ ದ್ವೀಪದ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುತ್ತಿದ್ದ ಯೊಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ 1817ರಲ್ಲಿ ಈ ಧಾತುವನ್ನು ಪತ್ತೆ ಮಾಡಿದ. ಆಗ ಅವನು ಕೆಲಸ ಮಾಡುತ್ತಿದ್ದುದು ಹೆಸರಾಂತ ರಸಾಯನ ವಿಜ್ಞಾನಿ ಬರ್ಜೀಲಿಯಸ್‌ನ ಪ್ರಯೋಗಾಲಯದಲ್ಲಿ. ಗ್ರೀಕ್ ಭಾಷೆಯಲ್ಲಿ 'ಲಿಥೋಸ್' ಎಂದರೆ ಕಲ್ಲು. ಇದೇ ಗುಂಪಿನ ಸೋಡಿಯಮ್ ಮತ್ತು ಪೊಟ್ಯಾಸಿಯಮ್ ಸಸ್ಯ-ಪ್ರಾಣಿಗಳಲ್ಲಿ ಹೇರಳವಾಗಿದ್ದವು. ಇದಾದರೋ ಕಲ್ಲಿನಲ್ಲಿ ಸಿಕ್ಕಿತು. ಹೆಸರು ಹಾಗೇ ಬಂತು. ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿರುವುದು ಪತ್ರಿಕೆಗಳನ್ನು ಓದುವವರಿಗೆ ನೆನಪಿರಬಹುದು. ಆ ಸುದ್ದಿಯೆಲ್ಲ ಬ್ಯಾಟರಿಯ ಸಲುವಾಗಿ. ಔಷಧಕ್ಕೆ ಬೇಕಾದ ಪಾಲು ಅತ್ಯಲ್ಪ. ಇನ್ನೊಂದು ಮಾತು. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಹೈಡ್ರೊಜನ್, ಹೀಲಿಯಮ್‌ಗಳ ಜೊತೆಗೆ ಅತ್ಯಲ್ಪ ಪ್ರಮಾಣದ ಲಿಥಿಯಮ್-7 ಕೂಡ ಉಂಟಾಯಿತು. ನನ್ನ ವಿದ್ಯಾರ್ಥಿ ರಾತ್ರಿ ನುಂಗುವ ಮಾತ್ರೆಯಲ್ಲಿ ಮಹಾಸ್ಫೋಟದ ಒಂದಿಷ್ಟು ಉಳಿಕೆಯೂ ಇದ್ದೀತು.

1949: ಒಂದೇ ವರ್ಷ, ಎರಡು ಕಥೆ

ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಬಂಡೂರಾ ಮಾನಸಿಕ ಆಸ್ಪತ್ರೆಯಲ್ಲಿದ್ದ ಜಾನ್ ಕೇಡ್ ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಯುದ್ಧಕೈದಿಯಾಗಿದ್ದು ಮರಳಿದ ವೈದ್ಯ. ಉನ್ಮಾದಕ್ಕೆ ದೇಹದಲ್ಲೇ ಹುಟ್ಟುವ ಯಾವುದೋ ವಿಷ ಕಾರಣವಿರಬೇಕೆಂದು ಅವನ ಊಹೆ. ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡುತ್ತಿದ್ದ. ಯೂರಿಕ್ ಆಮ್ಲದ ಪಾತ್ರವನ್ನು ತಿಳಿಯಲು ಅದನ್ನು ಕರಗಿಸಬೇಕಿತ್ತು. ಅದರ ಲವಣಗಳಲ್ಲಿ ಚೆನ್ನಾಗಿ ಕರಗುವುದು ಲಿಥಿಯಮ್ ಯೂರೇಟ್. ಅದನ್ನು ಚುಚ್ಚಿದಾಗ ಗಿನಿಯಿಲಿಗಳು ಶಾಂತವಾಗಿಬಿಟ್ಟವು. ಲಿಥಿಯಮ್ ಕಾರ್ಬೊನೇಟ್ ಕೊಟ್ಟಾಗಲೂ ಹಾಗೇ ಆಯಿತು. ಆ ಶಾಂತತೆ ಬಹುಶಃ ವಿಷಬಾಧೆಯ ಮಂಪರೇ ಆಗಿತ್ತೆಂದು ಅನಂತರ ಹಲವರು ಅನುಮಾನಿಸಿದ್ದಾರೆ. ಊಹೆ ತಪ್ಪು, ಪ್ರಯೋಗದ ಅರ್ಥವೂ ಅನುಮಾನದ್ದು, ಆದರೆ ಸಿಕ್ಕಿದ್ದು ಮಾತ್ರ ನಿಜವಾದ ಔಷಧ! ಉನ್ಮಾದವಿದ್ದ ಹತ್ತು ರೋಗಿಗಳಲ್ಲಿ ಕಂಡ ಸುಧಾರಣೆಯನ್ನು ಕೇಡ್ 1949ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51 ವರ್ಷದ ಮೊದಲ ರೋಗಿ ಗುಣ ಕಂಡು ಮನೆಗೆ, ಕೆಲಸಕ್ಕೆ ಮರಳಿದ್ದ. 1950ರಲ್ಲಿ ಅವನೇ ಲಿಥಿಯಮ್ ವಿಷಬಾಧೆಯಿಂದ ತೀರಿಕೊಂಡ.

ಅತ್ತ ಅಮೆರಿಕದಲ್ಲಿ ಅದೇ 1949ರಲ್ಲಿ ಬೇರೊಂದು ಕಥೆ ನಡೆದಿತ್ತು. ಹೃದ್ರೋಗಿಗಳಿಗೆ, ರಕ್ತದೊತ್ತಡದವರಿಗೆ ಅಡುಗೆ ಉಪ್ಪು ಬೇಡವೆಂದಾಗ ಬದಲಿ ಉಪ್ಪಾಗಿ ಲಿಥಿಯಮ್ ಕ್ಲೋರೈಡ್ ಮಾರಾಟವಾಗುತ್ತಿತ್ತು. ರುಚಿಯಲ್ಲಿ ಅದು ಉಪ್ಪಿನಂತೆಯೇ. ಬೇಕಾದಷ್ಟು ಉದುರಿಸಿಕೊಂಡು ತಿಂದವರಲ್ಲಿ ನಡುಕ, ತೊದಲು, ಮಂಪರು ಕಾಣಿಸಿಕೊಂಡವು. ಕೆಲವರು ಸತ್ತರು. ಅಲ್ಲಿನ ಸರ್ಕಾರ ತಕ್ಷಣ ಅದನ್ನು ನಿಷೇಧಿಸಿತು. ಅಮೆರಿಕದ ವೈದ್ಯರು ಲಿಥಿಯಮ್ ಎಂಬ ಹೆಸರಿಗೇ ಬೆಚ್ಚುವಂತಾಯಿತು. ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ 1954ರಲ್ಲಿ ಕ್ರಮಬದ್ಧ ಪ್ರಯೋಗದಿಂದ ಇದರ ಗುಣವನ್ನು ತೋರಿಸಿ, ಮುಂದೆ ಇದು ಕಾಯಿಲೆ ಮರುಕಳಿಸುವುದನ್ನು ತಡೆಯುತ್ತದೆಂದು ಸಹೋದ್ಯೋಗಿಗಳೊಡನೆ ಸ್ಥಾಪಿಸಿದರೂ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ.

ಬದಲಿ ಉಪ್ಪಿನ ದುರಂತ ಬರೀ ಹೆಚ್ಚು ತಿಂದದ್ದರಿಂದ ಆದದ್ದೇ? ಅಲ್ಲ. ಸೋಡಿಯಮ್ ಬಿಟ್ಟವರಿಗೇ ಲಿಥಿಯಮ್ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದು ನೋಡೋಣ.

ತೊಟ್ಟಿಯ ಲೆಕ್ಕ

ಹೆಚ್ಚಿನ ಔಷಧಗಳನ್ನು ಯಕೃತ್ತು ಒಡೆದು ಹಾಕುತ್ತದೆ. ಲಿಥಿಯಮ್ ಒಂದು ಧಾತು. ಅದನ್ನು ಒಡೆಯುವುದು ದೇಹದ ಯಾವ ಕಿಣ್ವಕ್ಕೂ ಸಾಧ್ಯವಿಲ್ಲ. ಅದು ರಕ್ತದ ಪ್ರೋಟೀನುಗಳಿಗೂ ಅಂಟಿಕೊಳ್ಳುವುದಿಲ್ಲ. ಹೇಗೆ ಒಳಗೆ ಹೋಯಿತೋ ಹಾಗೆಯೇ, ಬಹುಮಟ್ಟಿಗೆ ಮೂತ್ರಪಿಂಡದ ಮೂಲಕವೇ, ಹೊರಬರಬೇಕು. ಹಾಗಾಗಿ ಇದು ಒಂದು ನಲ್ಲಿಯಿಂದ ತುಂಬಿ ಇನ್ನೊಂದು ತೂತಿನಿಂದ ಖಾಲಿಯಾಗುವ ತೊಟ್ಟಿಯ ಲೆಕ್ಕ. ಪ್ರೌಢಶಾಲೆಯಲ್ಲಿ ನಮ್ಮನ್ನು ಕಾಡಿದ ಅದೇ ತೊಟ್ಟಿ.

ಲಿಥಿಯಮ್ ಕಾರ್ಬೊನೇಟಿನ ಒಂದು ಮೋಲ್ ಸುಮಾರು 73.9 ಗ್ರಾಂ. ಅದರಲ್ಲಿ ಎರಡು ಮೋಲ್ ಲಿಥಿಯಮ್ ಅಯಾನುಗಳಿವೆ. 300 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 8.1 ಮಿಲಿಮೋಲ್ ಲಿಥಿಯಮ್ ಎಂದಾಯಿತು. ದಿನಕ್ಕೆ ಅಂಥ ಮೂರು ಮಾತ್ರೆ ಎಂದರೆ ಸುಮಾರು 24.4 ಮಿಲಿಮೋಲ್. ಇದು ನಲ್ಲಿ.

ಇನ್ನು ತೂತು. ಆರೋಗ್ಯವಂತರ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 100 ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತವೆ. ಸೋಸಿದ ದ್ರವದಲ್ಲಿರುವ ಲಿಥಿಯಮ್ಮಿನಲ್ಲಿ ಸುಮಾರು ಶೇಕಡಾ 80 ಭಾಗ ಮರಳಿ ರಕ್ತಕ್ಕೇ ಹೀರಿಕೊಳ್ಳಲ್ಪಡುತ್ತದೆ. ಉಳಿದ 20 ಭಾಗ ಮಾತ್ರ ಮೂತ್ರಕ್ಕೆ. ಅಂದರೆ ನಿಮಿಷಕ್ಕೆ 20 ಮಿಲಿಲೀಟರ್ ರಕ್ತದ್ರವ ಲಿಥಿಯಮ್ಮಿನಿಂದ ಪೂರ್ತಿ ತೆರವಾದಂತೆ. ದಿನಕ್ಕೆ 1,440 ನಿಮಿಷ, ಆದ್ದರಿಂದ ದಿನದ ತೆರವು 28.8 ಲೀಟರ್. ಒಳಗೆ ಬಂದಷ್ಟೇ ಹೊರಗೆ ಹೋಗುವ ಸ್ಥಿರ ಸ್ಥಿತಿಯಲ್ಲಿ, ಸರಾಸರಿ ಸಾರತೆಯನ್ನು ತೆರವಿನಿಂದ ಗುಣಿಸಿದರೆ ದಿನದ ಸೇವನೆ ಬರಬೇಕು. 24.4ನ್ನು 28.8ರಿಂದ ಭಾಗಿಸಿ: ಲೀಟರಿಗೆ 0.85 ಮಿಲಿಮೋಲ್. ನನ್ನ ವಿದ್ಯಾರ್ಥಿಯ ವರದಿಯಲ್ಲಿ 0.8 ಇತ್ತಲ್ಲವೇ? ಕಾಗದದ ಮೇಲೆ ಈ ಲೆಕ್ಕ ಮಾಡಿದ ರಾತ್ರಿ ನನಗೆ ಆದ ಸಂತೋಷ ಸಣ್ಣದಲ್ಲ.

ಚಿಕಿತ್ಸೆಗೆ ಬೇಕಾದ ಸಾರತೆ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್. ತೀವ್ರ ಉನ್ಮಾದವಿದ್ದಾಗ ತುಸು ಹೆಚ್ಚು. 1.5 ದಾಟಿದರೆ ವಿಷಬಾಧೆ ತೊಡಗುತ್ತದೆ, 2.5ರ ಮೇಲೆ ಪ್ರಾಣಾಪಾಯ. ಮದ್ದಿಗೂ ವಿಷಕ್ಕೂ ನಡುವೆ ಎರಡು ಪಟ್ಟೂ ಅಂತರವಿಲ್ಲ. ಇಷ್ಟು ಇಕ್ಕಟ್ಟಿನ ದಾರಿಯಲ್ಲಿ ನಡೆಯುವ ಔಷಧಗಳು ಕಡಿಮೆ.

ಈಗ ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯ ಸಂಗತಿಗೆ ಬರೋಣ. ಮೂತ್ರಪಿಂಡದ ನಳಿಕೆಗಳ ಮೊದಲ ಭಾಗಕ್ಕೆ ಲಿಥಿಯಮ್ಮಿಗೂ ಸೋಡಿಯಮ್ಮಿಗೂ ವ್ಯತ್ಯಾಸವೇ ತಿಳಿಯದು. ಎರಡೂ ಒಂದೇ ಗುಂಪಿನ ಕ್ಷಾರ ಲೋಹಗಳು, ಎರಡರ ಅಯಾನಿಗೂ ಒಂದೇ ಧನಾವೇಶ. ದೇಹದಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಮ್ಮನ್ನು ಹಿಡಿದಿಟ್ಟುಕೊಳ್ಳಲು ಹವಣಿಸುತ್ತದೆ. ಜೊತೆಗೆ ಲಿಥಿಯಮ್ಮೂ ಸಿಕ್ಕಿಬೀಳುತ್ತದೆ. ಮರುಹೀರಿಕೆ ಶೇಕಡಾ 80ರಿಂದ 90ಕ್ಕೆ ಏರಿತೆನ್ನಿ. ಏರಿದ್ದು ಹತ್ತೇ ಅಂಶ, ದೊಡ್ಡದೆನಿಸುವುದಿಲ್ಲ. ಆದರೆ ಹೊರಗೆ ಹೋಗುವ ಪಾಲು 20ರಿಂದ 10ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು! ಅದೇ ಮೂರು ಮಾತ್ರೆ ನುಂಗುತ್ತಿದ್ದರೂ ಸಾರತೆ 0.85ರಿಂದ 1.7ಕ್ಕೆ ಏರುತ್ತದೆ. ಎರಡು ದೊಡ್ಡ ರಾಶಿಗಳ ನಡುವಿನ ಸಣ್ಣ ವ್ಯತ್ಯಾಸವನ್ನು ನಂಬಿ ನಡೆಯುವ ಯಾವ ವ್ಯವಸ್ಥೆಯೂ ಹೀಗೇ ನಾಜೂಕು. ಬದಲಿ ಉಪ್ಪು ತಿಂದು ಸತ್ತವರಿಗೆ ಆದದ್ದೂ ಇದೇ. ನಲ್ಲಿ ಜೋರಾಗಿ ತೆರೆದಿತ್ತು, ಸೋಡಿಯಮ್ ಬಿಟ್ಟದ್ದರಿಂದ ತೂತೂ ಮುಚ್ಚಿಕೊಳ್ಳುತ್ತಿತ್ತು.

ಇದನ್ನು ನಮ್ಮ ದಿನಬಳಕೆಗೆ ತಂದು ನೋಡಿ. ಬೇಸಿಗೆಯಲ್ಲಿ ಬೆವರು, ವಾಂತಿ-ಭೇದಿ, ನೀರೂ ಮುಟ್ಟದ ಉಪವಾಸ, 'ಬಿ.ಪಿ. ಇದೆ, ಉಪ್ಪು ಬಿಡಿ' ಎಂಬ ಪಕ್ಕದ ಮನೆಯವರ ಸಲಹೆ. ಇವೆಲ್ಲ ಲಿಥಿಯಮ್ ಸೇವಿಸುವವರಿಗೆ ಬರೀ ಸಣ್ಣ ಸಂಗತಿಗಳಲ್ಲ. ಉಪ್ಪನ್ನು ದಿಢೀರನೆ ಹೆಚ್ಚಿಸಿದರೆ ಲಿಥಿಯಮ್ ಹೆಚ್ಚು ಹೊರಹೋಗಿ ಕಾಯಿಲೆ ಮರುಕಳಿಸಬಹುದು, ದಿಢೀರನೆ ಇಳಿಸಿದರೆ ವಿಷವೇರಬಹುದು. ಕಾಫಿಯ ಕಥೆಯೂ ವಿಚಿತ್ರ. ಕೆಫೀನ್ ಲಿಥಿಯಮ್ಮನ್ನು ಹೊರಹಾಕಲು ನೆರವಾಗುತ್ತದೆ. ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಸಾರತೆ ಏರುತ್ತದೆ.

ಕೆಲವು ಮಾತ್ರೆಗಳೂ ಹೀಗೆಯೇ ತೂತನ್ನು ಕಿರಿದುಮಾಡುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಗುಂಪಿನ ಮೂತ್ರವರ್ಧಕಗಳು, ಎನಾಲಪ್ರಿಲ್, ಲೋಸಾರ್ಟಾನ್ ಮುಂತಾದವು ಈ ಸಾಲಿಗೆ ಸೇರುತ್ತವೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಆದರೆ ಈ ತೊಂದರೆಯಿಲ್ಲ. ಮೂತ್ರವರ್ಧಕ ಎಂದರೆ ಲಿಥಿಯಮ್ಮನ್ನೂ ಹೊರಹಾಕಬೇಕಲ್ಲ ಎಂದು ಯಾರಿಗಾದರೂ ಅನಿಸೀತು. ಥಯಾಜೈಡ್ ನಳಿಕೆಯ ಮುಂದಿನ ಭಾಗದಲ್ಲಿ ಸೋಡಿಯಮ್ಮನ್ನು ಹೊರಗೆ ಬಿಡುತ್ತದೆ. ನಷ್ಟವನ್ನು ತುಂಬಿಕೊಳ್ಳಲು ಮೊದಲ ಭಾಗ ಹೆಚ್ಚು ಹೀರತೊಡಗುತ್ತದೆ, ಲಿಥಿಯಮ್ಮನ್ನೂ ಸೇರಿಸಿ.

ನಿಧಾನವಾಗಿ ಏರುವುದೇ ಮೋಸ

ದೇಹದ ನೀರಿನಲ್ಲೆಲ್ಲ ಹರಡಿಕೊಳ್ಳುವ ಲಿಥಿಯಮ್ಮಿಗೆ 60 ಕಿಲೋಗ್ರಾಂ ತೂಕದವರಲ್ಲಿ ಸುಮಾರು 42 ಲೀಟರಿನ ತೊಟ್ಟಿ ಇದೆ ಎಂದು ತಿಳಿಯಿರಿ. ದಿನಕ್ಕೆ 28.8 ಲೀಟರ್ ತೆರವಾದರೆ ಕಾಲ ಸ್ಥಿರಾಂಕ ಸುಮಾರು 35 ಗಂಟೆ, ಅರ್ಧಾಯು ಅದರ 0.693 ಪಾಲು, ಅಂದರೆ ಸುಮಾರು 24 ಗಂಟೆ. ಕಂಡೆನ್ಸರ್ ಒಂದು ರೋಧಕದ ಮೂಲಕ ವಿಸರ್ಜನೆಯಾಗುವ ಸಮೀಕರಣವೇ ಇಲ್ಲಿಯೂ ಸಲ್ಲುತ್ತದೆ. ಮಾತ್ರೆ ಶುರುಮಾಡಿ ಐದು ಅರ್ಧಾಯುಗಳಾದ ಮೇಲೆ, ಎಂದರೆ ಐದು ದಿನಕ್ಕೆ, ಸಾರತೆ ಸ್ಥಿರ ಮಟ್ಟದ ಶೇಕಡಾ 97ನ್ನು ಮುಟ್ಟುತ್ತದೆ. ಪ್ರಮಾಣ ಬದಲಿಸಿದ ಐದಾರು ದಿನಗಳ ನಂತರವೇ ವೈದ್ಯರು ರಕ್ತಪರೀಕ್ಷೆ ಮಾಡಿಸಲು ಹೇಳುವುದು ಈ ಕಾರಣದಿಂದ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕೆಂಬ ನಿಯಮವೂ ಇದೆ. ನುಂಗಿದ ಕೆಲವೇ ಗಂಟೆಗಳಲ್ಲಿ ಸಾರತೆ ಏರಿ ಇಳಿಯುತ್ತದೆ, ಆಗ ತೆಗೆದ ಅಳತೆಯನ್ನು ಬೇರೆಯವರದರೊಡನೆ ಇರಲಿ, ಅವರದೇ ಹಿಂದಿನ ಅಳತೆಯೊಡನೆಯೂ ಹೋಲಿಸುವಂತಿಲ್ಲ.

ತೆರವು ಅರ್ಧಕ್ಕಿಳಿದರೆ ಅರ್ಧಾಯು ಎರಡು ಪಟ್ಟಾಗುತ್ತದೆ. ವಿಷವೇರುವುದು ಒಂದು ಗಂಟೆಯಲ್ಲಿ ಅಲ್ಲ, ಮೂರು-ನಾಲ್ಕು ದಿನಗಳಲ್ಲಿ. ಅಷ್ಟರಲ್ಲಿ ಮೊದಲ ದಿನದ ಭೇದಿಯೋ ನೋವಿನ ಮಾತ್ರೆಯೋ ಮರೆತೇ ಹೋಗಿರುತ್ತದೆ.

ನನ್ನ ವಿದ್ಯಾರ್ಥಿಗೂ ಹೀಗೇ ಆಯಿತು. ಏಪ್ರಿಲ್ ತಿಂಗಳು, ಪರೀಕ್ಷೆಗೆ ಹತ್ತು ದಿನ. ಕ್ರಿಕೆಟ್ ಆಡುವಾಗ ಮಂಡಿಗೆ ಪೆಟ್ಟು ಬಿದ್ದು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದ. ನಡುವೆ ಎರಡು ದಿನ ಭೇದಿ. ನಾಲ್ಕನೆಯ ದಿನ ಸಂಜೆ ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ತೂರಾಡಿದ, ಮಾತು ತೊದಲಿತು, ವಾಂತಿ ಮಾಡಿಕೊಂಡ. ಕುಡಿದು ಬಂದಿದ್ದಾನೆಂದು ಹುಡುಗರು ನಕ್ಕರು. ಹೊದಿಕೆ ಹೊದೆಸಿ ಮಲಗಿಸಿ ಬಾಗಿಲು ಹಾಕಿಕೊಂಡು ಹೋಗುವುದರಲ್ಲಿದ್ದರು. ಅವನ ಕೊಠಡಿಯ ಗೆಳೆಯನೊಬ್ಬನಿಗೆ ಮಾತ್ರ ಮಾತ್ರೆಯ ವಿಷಯ ಗೊತ್ತಿತ್ತು. ಅವನು ನನಗೆ ಫೋನ್ ಮಾಡಿದ. ಆಸ್ಪತ್ರೆಯಲ್ಲಿ ಅಳೆದಾಗ ಸಾರತೆ 2.4 ಇತ್ತು. ಬೆಳಗಿನ ತನಕ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ಲೆಕ್ಕ ಹಾಕಲು ಹೋಗಿಲ್ಲ.

ಲಿಥಿಯಮ್ ವಿಷಬಾಧೆಯ ಚಿಹ್ನೆಗಳನ್ನು ಅಧ್ಯಾಪಕರು ತಿಳಿದಿರಬೇಕು: ನವಿರಾಗಿದ್ದ ಕೈನಡುಕ ದೊಡ್ಡದಾಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು, ವಾಂತಿ-ಭೇದಿ, ಮಂಪರು, ಗೊಂದಲ, ಸ್ನಾಯುಗಳ ಅದುರುವಿಕೆ, ಕೊನೆಗೆ ಸೆಳವು. ಕುಡಿತದ ಹೋಲಿಕೆ ಎಷ್ಟಿದೆ ನೋಡಿ. ಮಾತ್ರೆ ಸೇವಿಸುವವರಲ್ಲಿ ಇವು ಕಂಡರೆ ಆ ಹೊತ್ತಿನ ಮಾತ್ರೆಯನ್ನು ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರಕ್ತನಾಳಕ್ಕೆ ಲವಣದ್ರಾವಣ ಹಾಯಿಸುತ್ತಾರೆ. ಸೋಡಿಯಮ್, ನೀರು ಎರಡೂ ಸಿಕ್ಕಮೇಲೆ ಮೂತ್ರಪಿಂಡ ಹಿಡಿತ ಸಡಿಲಿಸುತ್ತದೆ. ಬೇರೆ ವಿಷಗಳಿಗೆ ಕೊಡುವ ಇದ್ದಿಲ ಪುಡಿ ಇಲ್ಲಿ ನಿಷ್ಪ್ರಯೋಜಕ. ಇಷ್ಟು ಚಿಕ್ಕ ಅಯಾನನ್ನು ಅದು ಹಿಡಿದಿಡಲಾರದು. ಪರಿಸ್ಥಿತಿ ಗಂಭೀರವಾದರೆ ಡಯಾಲಿಸಿಸ್. ಪ್ರೋಟೀನಿಗೆ ಅಂಟದ ಪುಟ್ಟ ಅಯಾನಾದ್ದರಿಂದ ಡಯಾಲಿಸಿಸ್ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಆದರೆ ಮಿದುಳಿನೊಳಗೆ ಹೊಕ್ಕ ಲಿಥಿಯಮ್ ಹೊರಬರುವುದು ನಿಧಾನ. ರಕ್ತದ ಅಳತೆ ಇಳಿದ ಮೇಲೂ ತೊದಲು, ಮಂಪರು ಕೆಲವು ದಿನ ಉಳಿಯಬಹುದು. ಅಪರೂಪಕ್ಕೆ ಕಿರುಮಿದುಳಿಗೆ ಆದ ಹಾನಿ ಶಾಶ್ವತವಾಗಿ ಉಳಿದದ್ದೂ ಇದೆ.

ಸರಿಯಾದ ಸಾರತೆಯಲ್ಲೂ ಕಾಡುವವು

ಮೇಲಿನದು ಅಳತೆ ಮೀರಿದಾಗಿನ ಮಾತು. ಅಳತೆಯೊಳಗೇ ಇದ್ದಾಗಲೂ ಕೆಲವು ಅಡ್ಡ ಪರಿಣಾಮಗಳುಂಟು. ಕೈನಡುಕ ಅದರಲ್ಲಿ ಮೊದಲನೆಯದು. ನಮ್ಮೆಲ್ಲರ ಕೈಯೂ ಸೆಕೆಂಡಿಗೆ 8ರಿಂದ 12 ಬಾರಿ ಸಣ್ಣದಾಗಿ ನಡುಗುತ್ತಲೇ ಇರುತ್ತದೆ. ಲೇಸರ್ ಪಾಯಿಂಟರಿನ ಚುಕ್ಕೆಯನ್ನು ದೂರದ ಗೋಡೆಯ ಮೇಲೆ ನಿಲ್ಲಿಸಲು ಪ್ರಯತ್ನಿಸಿ, ಗೊತ್ತಾಗುತ್ತದೆ. ಲಿಥಿಯಮ್ ಈ ಸಹಜ ನಡುಕದ ಪಾರವನ್ನು ಹೆಚ್ಚಿಸುತ್ತದೆ. ಬರೆಯುವಾಗ, ಚಹದ ಲೋಟ ಹಿಡಿದಾಗ, ಯಾರಾದರೂ ನೋಡುತ್ತಿದ್ದಾರೆಂಬ ಅಳುಕಿದ್ದಾಗ ಅದು ಇನ್ನೂ ಹೆಚ್ಚು. (ನಾನು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದುದು ಎಷ್ಟು ಉಪಕಾರ ಮಾಡಿತೋ!) ಬೇಕೆನಿಸಿದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಪ್ರೊಪ್ರನೊಲಾಲ್ ಕೊಡುತ್ತಾರೆ.

ಎರಡನೆಯದು ಬಾಯಾರಿಕೆ ಮತ್ತು ಪದೇ ಪದೇ ಮೂತ್ರ. ಇದರ ಹಿಂದಿನ ವಿಜ್ಞಾನ ಸೊಗಸಾಗಿದೆ. ಮೂತ್ರಪಿಂಡದ ಸಂಗ್ರಾಹಕ ನಾಳದ ಜೀವಕೋಶಗಳಲ್ಲಿ ಸೋಡಿಯಮ್ ನುಗ್ಗಲು ಒಂದು ಕಾಲುವೆಯಿದೆ. ಲಿಥಿಯಮ್ ಅದರಲ್ಲಿ ಸುಲಭವಾಗಿ ಒಳನುಗ್ಗುತ್ತದೆ. ಆದರೆ ಒಳಗಿನಿಂದ ಸೋಡಿಯಮ್ಮನ್ನು ಹೊರದಬ್ಬುವ ಪಂಪು ಲಿಥಿಯಮ್ಮನ್ನು ಅಷ್ಟಾಗಿ ದಬ್ಬಲಾರದು. ಒಳಗೆ ಬಂದದ್ದು ಒಳಗೇ ಶೇಖರವಾಗುತ್ತದೆ. ಅಲ್ಲಿ ಅದು ಅಕ್ವಾಪೊರಿನ್-2 ಎಂಬ ನೀರಿನ ಕಾಲುವೆಗಳ ಸಂಖ್ಯೆಯನ್ನು ಕುಗ್ಗಿಸುತ್ತದೆ. ಅಕ್ವಾಪೊರಿನ್‌ಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ದೊರೆತದ್ದನ್ನು ಓದುಗರು ಬಲ್ಲರು. ನೀರನ್ನು ಮರಳಿ ಹೀರಿಕೊಳ್ಳುವ ದಾರಿ ಮುಚ್ಚಿದರೆ ತೆಳು ಮೂತ್ರ ದಿನಕ್ಕೆ ಮೂರು ಲೀಟರಿಗೂ ಮೀರಿ ಹೋಗಬಹುದು. ಇದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಆ ಸೋಡಿಯಮ್ ಕಾಲುವೆಗೇ ಅಡ್ಡ ಹಾಕುವ ಅಮಿಲೊರೈಡ್ ಎಂಬ ಔಷಧ ಇಲ್ಲಿ ನೆರವಾಗುತ್ತದೆ ಎಂಬುದು ಈ ವಿವರಣೆಗೆ ಒಳ್ಳೆಯ ಪುರಾವೆ. ಅಧ್ಯಾಪಕರಿಗೆ ಒಂದು ಮಾತು: ಪಾಠದ ನಡುವೆ ಪದೇ ಪದೇ ಹೊರಗೆ ಹೋಗಲು ಕೇಳುವ, ಬಾಟಲಿ ನೀರು ಬಿಡದ ಹುಡುಗನನ್ನು ಗದರುವ ಮುನ್ನ ಒಂದು ಕ್ಷಣ ಯೋಚಿಸಿ. ಅವನಿಗೆ ನೀರು ತಡೆದರೆ ತೊಟ್ಟಿಯ ಲೆಕ್ಕ ಮತ್ತೆ ಕೆಡುತ್ತದೆ.

ಥೈರಾಯ್ಡ್ ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನು ಲಿಥಿಯಮ್ ತಡೆಯುತ್ತದೆ. ಹೀಗಾಗಿ ಕೆಲವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಥೈರಾಯ್ಡ್ ಕೊರತೆ ತಲೆದೋರುತ್ತದೆ. ದಣಿವು, ಮಂಕು, ನಿಧಾನಗತಿ ಅದರ ಲಕ್ಷಣಗಳು. ಖಿನ್ನತೆ ಮರಳಿತೆಂದು ತಪ್ಪು ತಿಳಿಯುವ ಅಪಾಯ ಇಲ್ಲಿದೆ. ಒಂದು ರಕ್ತಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ, ಥೈರಾಕ್ಸಿನ್ ಮಾತ್ರೆಯಿಂದ ಸರಿಯಾಗುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿ ಹೆಚ್ಚು ಚುರುಕಾಗಿ ರಕ್ತದ ಕ್ಯಾಲ್ಸಿಯಮ್ ಏರುವುದೂ ಉಂಟು. ತೂಕ ಹೆಚ್ಚುವುದು, ಬಾಯಲ್ಲಿ ಲೋಹದ ರುಚಿ, ಮೊಡವೆ, ಸೋರಿಯಾಸಿಸ್ ಇದ್ದವರಲ್ಲಿ ಅದು ಉಲ್ಬಣಿಸುವುದು, ಇವು ಇತರ ದೂರುಗಳು. ಹತ್ತಾರು ವರ್ಷ ಸೇವಿಸಿದವರಲ್ಲಿ ಕೆಲವರ ಮೂತ್ರಪಿಂಡದ ಸೋಸುವ ಶಕ್ತಿ ನಿಧಾನವಾಗಿ ಕುಗ್ಗುತ್ತದೆ. ಪೂರ್ತಿ ವಿಫಲವಾಗುವುದು ವಿರಳ. ಗರ್ಭಿಣಿಯರ ವಿಷಯದಲ್ಲಿ, ಮಗುವಿನ ಹೃದಯದ ರಚನೆಯಲ್ಲಿ ದೋಷ ಉಂಟಾಗುವ ಸಂಭವ 1970ರ ದಶಕದಲ್ಲಿ ಅಂದಾಜಿಸಿದಷ್ಟು ದೊಡ್ಡದಲ್ಲ, ಆದರೆ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು. ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚು. ಇದು ಮೊದಲೇ ವೈದ್ಯರೊಡನೆ ಕೂತು ಮಾತಾಡಬೇಕಾದ ವಿಷಯ.

ಒಂದು ಪುಟ್ಟ ಅಯಾನು ಇಷ್ಟು ಕಡೆ ಕೈ ಹಾಕುವುದು ಹೇಗೆ? ಲಿಥಿಯಮ್ ಅಯಾನಿನ ತ್ರಿಜ್ಯ ಸುಮಾರು 0.076 ನ್ಯಾನೊಮೀಟರ್. ಸೋಡಿಯಮ್ಮಿನದು 0.102, ಪೊಟ್ಯಾಸಿಯಮ್ಮಿನದು 0.138. ಆದರೆ ಪಕ್ಕದ ಗುಂಪಿನ ಮೆಗ್ನೀಸಿಯಮ್ಮಿನದು 0.072! ಆವರ್ತಕ ಕೋಷ್ಟಕದಲ್ಲಿ ಲಿಥಿಯಮ್-ಮೆಗ್ನೀಸಿಯಮ್‌ಗಳ ಕರ್ಣ ಸಂಬಂಧವನ್ನು ಪಾಠ ಮಾಡುವಾಗ ಇದನ್ನು ಹೇಳಬಹುದು. ನಮ್ಮ ಜೀವಕೋಶಗಳ ನೂರಾರು ಕಿಣ್ವಗಳಿಗೆ ಮೆಗ್ನೀಸಿಯಮ್ ಬೇಕು. ಅವುಗಳಲ್ಲಿ ಕೆಲವನ್ನು, ಮುಖ್ಯವಾಗಿ ಇನೊಸಿಟಾಲ್ ಮೊನೊಫಾಸ್ಫಟೇಸ್ ಮತ್ತು ಜಿಎಸ್‌ಕೆ-3 ಎಂಬ ಎರಡನ್ನು, ಲಿಥಿಯಮ್ ತಡೆಹಿಡಿಯುತ್ತದೆ. ಮನಸ್ಸನ್ನು ಸಮತೋಲಕ್ಕೆ ತರುವುದರಲ್ಲಿ ಇವುಗಳ ಪಾತ್ರವಿದೆ ಎಂದು ಭಾವಿಸಲಾಗಿದೆ. ಇದೇ ಜಿಎಸ್‌ಕೆ-3 ಮೂತ್ರಪಿಂಡದಲ್ಲೂ ಇದೆ, ಅಲ್ಲಿ ಅದನ್ನು ತಡೆದಾಗ ಆಗುವುದೇ ಮೇಲೆ ಹೇಳಿದ ನೀರಿನ ತೊಂದರೆ. ಗುಣವೂ ದೋಷವೂ ಒಂದೇ ಬೀಗದ ಕೈಯಿಂದ ಬಂದಿವೆ. ದೋಷವನ್ನಷ್ಟೇ ತೆಗೆದುಹಾಕುವುದು ಸುಲಭವಲ್ಲ.

ಇಷ್ಟೆಲ್ಲ ಇದ್ದೂ ಈ ಔಷಧ ಏಕೆ? ಬೈಪೋಲಾರ್ ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಇದಕ್ಕಿಂತ ಹೆಚ್ಚು ಪುರಾವೆಯಿರುವ ಔಷಧ ಇಂದಿಗೂ ಇಲ್ಲವೆನ್ನಬಹುದು. ಆತ್ಮಹತ್ಯೆಯ ಅಪಾಯವನ್ನು ಇದು ತಗ್ಗಿಸುತ್ತದೆಂದು ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆಯೊಂದು 2013ರಲ್ಲಿ ತೋರಿಸಿತು. ಆಮೇಲಿನ ಎಲ್ಲ ಪ್ರಯೋಗಗಳೂ ಅದನ್ನು ಅಷ್ಟೇ ಸ್ಪಷ್ಟವಾಗಿ ಕಂಡಿಲ್ಲ, ನಿಜ. ಆದರೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಉನ್ಮಾದ ಮರಳುವ ಸಂಭವ ಹೆಚ್ಚು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನನ್ನ 'ಬಿಟ್ಟುಬಿಡಬಾರದೇ' ಎಂಬ ಸಲಹೆ ಎಷ್ಟು ಅಪಾಯದ್ದಾಗಿತ್ತೆಂದು ಈಗ ತಿಳಿಯುತ್ತದೆ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ಲಿಥಿಯಮ್ ಸಾರತೆ, ಆರು ತಿಂಗಳಿಗೊಮ್ಮೆ ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಮ್ ಪರೀಕ್ಷೆ ಮಾಡಿಸುತ್ತಿದ್ದರೆ ಬಹುತೇಕ ತೊಂದರೆಗಳನ್ನು ಮೊದಲೇ ಹಿಡಿಯಬಹುದು.

ಕೆಂಪು ಗೆರೆ

1949ರಲ್ಲಿ ಇದ್ದ ದೊಡ್ಡ ಕೊರತೆ ಔಷಧದ್ದಲ್ಲ, ಅಳತೆಯದು. ರಕ್ತದ ಲಿಥಿಯಮ್ಮನ್ನು ಅಳೆಯುತ್ತ ಮಾತ್ರೆ ಕೊಡುವ ಪದ್ಧತಿ 1950ರ ದಶಕದಲ್ಲಿ ಬಂತು. ಅದನ್ನು ಸಾಧ್ಯವಾಗಿಸಿದ್ದು ಜ್ವಾಲಾ ಫೋಟೊಮೀಟರ್ ಎಂಬ ಉಪಕರಣ, ಭೌತವಿಜ್ಞಾನದ ಕೊಡುಗೆ. ಸೀರಮ್ಮನ್ನು ತೆಳುಗೊಳಿಸಿ ಜ್ವಾಲೆಗೆ ಸಿಂಪಡಿಸಿದರೆ ಲಿಥಿಯಮ್ ಪರಮಾಣುವಿನ ಹೊರ ಇಲೆಕ್ಟ್ರಾನು ಮೇಲಿನ ಮಟ್ಟಕ್ಕೇರಿ ಮರಳಿ ಇಳಿಯುವಾಗ 670.8 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನು ಸೂಸುತ್ತದೆ. ಆ ಬೆಳಕಿನ ತೀವ್ರತೆಯಿಂದ ಸಾರತೆ ತಿಳಿಯುತ್ತದೆ. ಸೋಡಿಯಮ್ಮಿನ ಹಳದಿ ಗೆರೆ 589 ನ್ಯಾನೊಮೀಟರ್‌ನಲ್ಲಿರುವುದರಿಂದ ಒಂದು ಶೋಧಕ ಅವೆರಡನ್ನು ಬೇರ್ಪಡಿಸಬಲ್ಲದು. ಇಂದು ಹೆಚ್ಚಿನ ಕಡೆ ಅಯಾನನ್ನು ಆಯ್ದು ಗುರುತಿಸುವ ಇಲೆಕ್ಟ್ರೋಡುಗಳು ಈ ಕೆಲಸ ಮಾಡುತ್ತವೆ.

ಆ ವಿದ್ಯಾರ್ಥಿ ಮುಂದಿನ ಸಲ ಪರೀಕ್ಷೆ ಬರೆದ, ಎಂ.ಎಸ್‌ಸಿ. ಮುಗಿಸಿದ. ಈಗ ಪಿಯು ಕಾಲೇಜೊಂದರಲ್ಲಿ ಅಧ್ಯಾಪಕ. ಕಳೆದ ವರ್ಷ ಒಂದು ಸಂಜೆ ಫೋನ್ ಮಾಡಿದ. "ಸರ್, ಇವತ್ತಿನ ರಿಪೋರ್ಟಿನಲ್ಲಿ 3.1 ಬಂದಿದೆ. ಡಾಕ್ಟರ ಹತ್ತಿರವೇ ಕೂತಿದ್ದೇನೆ. ಅವರು ಅಡ್ಮಿಟ್ ಆಗಿ ಅಂತಿದ್ದಾರೆ. ಆದರೆ ನಡುಕ ಇಲ್ಲ, ತೊದಲು ಇಲ್ಲ, ಮಧ್ಯಾಹ್ನ ಎರಡು ಕ್ಲಾಸ್ ತಗೊಂಡು ಬಂದಿದ್ದೀನಿ. ರಕ್ತ ಹಾಕಿದ ಟ್ಯೂಬಿನ ಮುಚ್ಚಳ ಹಸಿರು ಇತ್ತು ಸರ್" ಎಂದ. ನನಗೆ ತಕ್ಷಣ ಹೊಳೆಯಲಿಲ್ಲ. ಅವನೇ ವಿವರಿಸಿದ: ರಕ್ತ ಹೆಪ್ಪುಗಟ್ಟದಂತೆ ಕೆಲವು ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ಹೆಪಾರಿನ್ ಹಾಕಿರುತ್ತಾರೆ, ಹೆಪಾರಿನ್ನಿನ ಲಿಥಿಯಮ್ ಲವಣವನ್ನು! ಟ್ಯೂಬಿನ ಲಿಥಿಯಮ್ಮೇ ಅಳತೆಗೆ ಸೇರಿಕೊಂಡಿತ್ತು. ವೈದ್ಯರು ಅವನನ್ನು ಅಲ್ಲೇ ಕೂರಿಸಿಕೊಂಡು, ಏನೂ ಬೆರೆಸದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದರು. ಒಂದೂವರೆ ಗಂಟೆಯ ನಂತರ ಬಂದ ಅಂಕಿ 0.7.